ನಾರ್ಮಲ್ ಎಂದು ಬರೆದ ಪುಟಗಳು

"ಪುಸ್ತಕ ಎಷ್ಟು ದಪ್ಪ ಇದೆ, ಕೈಯಲ್ಲಿ ತೋರಿಸಮ್ಮ" ಎಂದರು ಪರೀಕ್ಷಕರು.

ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಚಕ್ಕುಲಿ ಹಿಡಿಯುವಷ್ಟು ಜಾಗ ಬಿಟ್ಟು ತೋರಿಸಿದೆ. ಕಾದಂಬರಿಯನ್ನು ನಾನು ಕಂಡೇ ಇರಲಿಲ್ಲ, ಓದಿದ್ದ ಗೈಡು ಅಷ್ಟೇ ದಪ್ಪವಿತ್ತು. ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಾವಿರದ ನೂರು ಪುಟ ಇದೆ ಕಣಮ್ಮ ಅದು. ತಲೆದಿಂಬಿನ ಬದಲು ಇಟ್ಕೊಂಡು ಮಲಗಬಹುದು. ಆಯ್ತು, ಹೋಗಿ ಬಾ" ಎಂದರು. ಬೈದಿದ್ದರೂ ಪರವಾಗಿರಲಿಲ್ಲ, ನಗುತ್ತ ಹೇಳಿದರು. ಹೊರಗೆ ಬಂದವಳಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನಾನು ಎರಡನೇ ಸಲ ಫೇಲಾದದ್ದು ಹೀಗೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನೀರಿನ ಪಂಪಿನೊಳಗೆ ತಿರುಗುವ ಶಾಫ್ಟುಗಳನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ಕೆಟ್ಟಿದ್ದರೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ದುಡಿಯುವವರಿಗೆಂದು ಶನಿವಾರ, ಭಾನುವಾರ ತರಗತಿ ನಡೆಸುವ ಕಾಲೇಜೊಂದರಲ್ಲಿ ಕನ್ನಡ ಎಂ.ಎ.ಗೆ ಸೇರಿದ್ದೆ. ಎಲ್ಲ ಪತ್ರಿಕೆಗಳೂ ಮುಗಿದಿದ್ದವು. ರಷ್ಯದ ಒಬ್ಬ ಹಳೆಯ ಕಾದಂಬರಿಕಾರನ ಪ್ರಮುಖ ಕೃತಿಗಳನ್ನು ಓದಬೇಕಾದ ವಿಶೇಷ ಪತ್ರಿಕೆಯೊಂದೇ ಗಂಟಲ ಮುಳ್ಳಾಗಿ ಉಳಿದಿತ್ತು. ಬರೆಯುವ ಪರೀಕ್ಷೆಯನ್ನು ಗೈಡು ಉರುಹೊಡೆದು ದಾಟಿದ್ದೆ. ಮೌಖಿಕಕ್ಕೆ ಮೂರೇ ಅವಕಾಶ. ಮೂರನೆಯದಕ್ಕೆ ನಾಲ್ಕು ತಿಂಗಳಿತ್ತು. ಅದೂ ಹೋದರೆ ಪದವಿಯೂ ಹೋದಂತೆ.

ಪದವಿ ನನಗೆ ಗೋಡೆಗೆ ನೇತುಹಾಕಲು ಬೇಕಿರಲಿಲ್ಲ. ನಮ್ಮ ಕಾರ್ಖಾನೆಯ ತರಬೇತಿ ವಿಭಾಗದ ಅಧಿಕಾರಿ ಜೂನ್‌ನಲ್ಲಿ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಯಾವುದಾದರೂ ಸ್ನಾತಕೋತ್ತರ ಪದವಿ ಬೇಕು. ಸಿಕ್ಕರೆ ಜನರಲ್ ಶಿಫ್ಟು, ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆ. ಹನ್ನೊಂದು ವರ್ಷದಿಂದ ವಾರಕ್ಕೊಂದು ಶಿಫ್ಟು ತಿರುಗಿದವಳಿಗೆ ಜನರಲ್ ಶಿಫ್ಟು ಎಂದರೆ ಏನೆಂದು ಶಿಫ್ಟು ಮಾಡಿದವರನ್ನೇ ಕೇಳಬೇಕು. ನಮ್ಮೆಜಮಾನರು ಕಂಪನಿ ಬಸ್ಸಿನ ಡ್ರೈವರು. ಪಟ್ಟಂದೂರು ಅಗ್ರಹಾರದ ಕಡೆಯ ಐಟಿ ಪಾರ್ಕಿಗೆ ಜನರನ್ನು ಇಳಿಸಿ ಬರಲು ಹೊತ್ತು ಮೂಡುವ ಮುಂಚೆಯೇ ಹೊರಡುತ್ತಾರೆ. ಮಗಳು ಏಳನೇ ಕ್ಲಾಸು. ನಾನು ಎರಡನೇ ಶಿಫ್ಟಿನಲ್ಲಿದ್ದ ವಾರ ಅವಳನ್ನು ನಿದ್ದೆಯಲ್ಲೇ ನೋಡುವುದು. ಹಾಗಾಗಿ ಅಡುಗೆಮನೆ ಬಾಗಿಲ ಪಕ್ಕ ಒಂದು ಬಿಳಿ ಬೋರ್ಡು ಹಾಕಿದ್ದೆವು. ಯಾರು ಹೊರಗೆ ಹೋದರೂ ಅದರಲ್ಲಿ ಬರೆದು ಹೋಗಬೇಕು. "ಹಾಲು ಕಾಯಿಸಿದೆ." "ಮೋಟಾರ್ ಹಾಕ್ಬೇಡಿ." "ಶಾಲೆ: ನಾರ್ಮಲ್. ಊಟ: ಆಯ್ತು." ನಮ್ಮ ಸಂಸಾರ ಆ ಬೋರ್ಡಿನ ಮೇಲೆ ಚೆನ್ನಾಗಿಯೇ ನಡೆಯುತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ಫೇಲಾದ ಮರುವಾರ ನಮ್ಮ ಪಾಠದ ಮೇಡಂ ಬಳಿ ಹೋದೆ. ನನಗಿಂತ ಏಳೆಂಟು ವರ್ಷ ಚಿಕ್ಕವರು, ಆದರೆ ಅವರೆದುರು ನನ್ನ ಜೋರು ಬಾಯಿ ನಡೆಯುವುದಿಲ್ಲ.

"ಪುಸ್ತಕ ಓದಿ ಮೇಡಂ" ಎಂದರು. ಅವರು ನನಗೂ ಮೇಡಂ ಎನ್ನುತ್ತಾರೆ.

"ಅದನ್ನ ಬಿಟ್ಟು ಬೇರೆ ಏನಾದ್ರೂ ಹೇಳಿ."

"ಬೇರೆ ಏನೂ ಇಲ್ಲ. ಪುಸ್ತಕ ಓದಿ."

ಪಠ್ಯದಲ್ಲಿದ್ದ ಮೂರು ಕಾದಂಬರಿಗಳಲ್ಲಿ ಎರಡು ಚಿಕ್ಕವು. ಅವನ್ನು ಹೇಗೋ ಓದಿಕೊಳ್ಳಬಹುದಿತ್ತು. ದೊಡ್ಡದರ ಕನ್ನಡ ಅನುವಾದ ಯಾವುದೋ ಕಾಲದ ಮುದ್ರಣ, ಅಂಗಡಿಗಳಲ್ಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಒಂದೇ ಪ್ರತಿ. ಅದೇ ಪುಸ್ತಕ ಬೇಕಾದವರು ಇನ್ನಿಬ್ಬರಿದ್ದರು. ಒಬ್ಬ ಬಾಗಲಕೋಟೆ ಕಡೆಯ ವೆಲ್ಡರ್. ನಾಗಸಂದ್ರದಲ್ಲಿ ನಾಲ್ಕು ಜನರ ಜೊತೆ ರೂಮು ಮಾಡಿಕೊಂಡು, ನನ್ನಂತೆಯೇ ಶಿಫ್ಟು ತಿರುಗುವವನು. ಇನ್ನೊಬ್ಬರು ಮಾದನಾಯಕನಹಳ್ಳಿಯ ಗೋಡೌನ್ ಸೂಪರ್‌ವೈಸರ್. ವಯಸ್ಸು ಐವತ್ತು ದಾಟಿತ್ತು. ಅವರ ಮನೆಯ ರಾಗಿ ಹೊಲ ಇದ್ದ ಜಾಗದಲ್ಲೇ ಈಗ ಗೋಡೌನು ನಿಂತಿದೆ, ಅದಕ್ಕೆ ಅವರೇ ಕಾವಲು. ಈ ವಯಸ್ಸಿನಲ್ಲಿ ಎಂ.ಎ. ಯಾಕಣ್ಣ ಎಂದು ಒಮ್ಮೆ ಕೇಳಿದ್ದಕ್ಕೆ, "ಓದ್ಬೇಕು ಅನ್ನಿಸ್ತು. ಅದ್ಕೇನ್ ಲೈಸನ್ಸ್ ಮಾಡಿಸ್ಬೇಕಾ?" ಎಂದಿದ್ದರು.

ಮೇಡಂ ಪುಸ್ತಕವನ್ನು ತಮ್ಮ ಕಾರ್ಡಿನಲ್ಲಿ ತೆಗೆದುಕೊಟ್ಟರು. ಒಂದು ಪುಸ್ತಕ, ಮೂರು ಜನ. ಒಬ್ಬರಾದ ಮೇಲೆ ಒಬ್ಬರು ಓದಿ ಮುಗಿಸುವ ಹೊತ್ತಿಗೆ ಪರೀಕ್ಷೆಯೇ ಮುಗಿದಿರುತ್ತದೆ. ಆಗ ಒಂದು ಮಹಾ ಉಪಾಯ ಹೊಳೆದದ್ದು ನನಗೇ, ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. "ಶಿಫ್ಟ್ ಹಾಕ್ಕೊಂಡು ಓದೋಣ" ಎಂದೆ.

ಕಾರ್ಖಾನೆಯಲ್ಲಿ ಒಂದು ಶಿಫ್ಟಿನವರು ಹೋಗುವಾಗ ಮುಂದಿನ ಶಿಫ್ಟಿನವರಿಗೆ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟು ಹೋಗುತ್ತಾರೆ. ಯಾವ ಮೆಷಿನ್ ಸದ್ದು ಮಾಡುತ್ತಿದೆ, ಎಲ್ಲಿ ಎಣ್ಣೆ ಸೋರುತ್ತಿದೆ, ಯಾವ ಕೆಲಸ ಬಾಕಿ ಎಂದು. ಬಂದವರು ಅದನ್ನು ಓದಿಕೊಂಡು ಕೆಲಸ ಮುಂದುವರಿಸುತ್ತಾರೆ. ಇಡೀ ದಿನ ಅಲ್ಲೇ ನಿಂತು ನೋಡಿರಬೇಕೆಂದಿಲ್ಲ. ಕಾದಂಬರಿಗೂ ಹಾಗೇ ಮಾಡಿದರೆ ಆಯಿತಲ್ಲ? ಒಬ್ಬೊಬ್ಬರು ನಾಲ್ಕು ದಿನ ಇಟ್ಟುಕೊಂಡು ಅರವತ್ತು ಪುಟ ಓದುವುದು, ನಡೆದದ್ದನ್ನು ರಿಜಿಸ್ಟರಿನಲ್ಲಿ ಬರೆದು ಮುಂದಿನವರಿಗೆ ದಾಟಿಸುವುದು. ಮೂರು ತಿಂಗಳೊಳಗೆ ಮೂವರಿಗೂ ಪೂರ್ತಿ ಕಾದಂಬರಿ ಗೊತ್ತಾಗಿರುತ್ತದೆ. ನಾನೇ ಸ್ಕೇಲು ಹಿಡಿದು ಗೆರೆ ಎಳೆದೆ. ತಾರೀಖು, ಪುಟ, ನಡೆದದ್ದು, ಮುಂದಿನವರಿಗೆ ಸೂಚನೆ, ಸಹಿ. ಪುಸ್ತಕಕ್ಕೆ ನಮ್ಮಲ್ಲಿ ಶಾಫ್ಟಿಗೆ ತುಕ್ಕು ಹಿಡಿಯದಂತೆ ಸುತ್ತುವ ಎಣ್ಣೆ ಕಾಗದದ ಹೊದಿಕೆ ಹಾಕಿದೆ. ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗಿನ ಟೀ ಅಂಗಡಿಯಲ್ಲಿ ಕೈಬದಲಾವಣೆ ಎಂದು ಗೊತ್ತುಮಾಡಿದೆವು. ಎಷ್ಟು ಹೆಮ್ಮೆಪಟ್ಟೆನೆಂದರೆ, ಆ ಕಾದಂಬರಿಯನ್ನು ನಾನೇ ಬರೆದವಳಂತೆ ಓಡಾಡುತ್ತಿದ್ದೆ.

ಮೊದಮೊದಲು ಒದ್ದಾಡಿದೆವು. ಒಂದೊಂದು ಪಾತ್ರಕ್ಕೂ ಮೂರು ಮೂರು ಹೆಸರು. ವೆಲ್ಡರ್ ಒಬ್ಬನೇ ಸರದಾರನನ್ನು ಇಬ್ಬರೆಂದುಕೊಂಡು, ಒಬ್ಬ ಸತ್ತ ಎಂದು ಬರೆದುಬಿಟ್ಟಿದ್ದ. ಗೋಡೌನ್ ಅಣ್ಣನಿಗೆ ಮಾತ್ರ ಅದೊಂದು ತೊಂದರೆಯೇ ಅಲ್ಲ. "ನಮ್ಮೂರಾಗೂ ಅಂಗೇ ಕಣಮ್ಮ. ರೇಷನ್ ಕಾರ್ಡ್ನಾಗೊಂದ್ ಎಸ್ರು, ಮನೇಲೊಂದ್ ಎಸ್ರು, ಬೈಯಕ್ಕೊಂದ್ ಎಸ್ರು" ಎಂದು, ಗೋಡೌನಿನ ಸರಕಿಗೆ ಕಟ್ಟುವ ಚೀಟಿಗಳನ್ನು ತಂದು ಒಬ್ಬೊಬ್ಬರಿಗೂ ಒಂದೊಂದು ಬರೆದು ಪುಸ್ತಕದ ಕೊನೆಯಲ್ಲಿ ಸಿಕ್ಕಿಸಿದರು. ಆಮೇಲೆ ಗಾಡಿ ಸಲೀಸಾಗಿ ಓಡಿತು.

ರಿಜಿಸ್ಟರ್ ಈಗಲೂ ನನ್ನ ಹತ್ತಿರ ಇದೆ. ವೆಲ್ಡರ್ ಮಾತಾಡಿದಂತೆಯೇ ಬರೆಯುತ್ತಿದ್ದ. "ಪುಟ ೬೧ರಿಂದ ೧೨೦. ಕುದುರಿ ಬಿತ್ತು. ಸರದಾರನ ಕಾಲು ಮುರೀತು. ಹುಡುಗಿ ನೋಡಾಕ ಬಂದಾಳ. ಮುಂದಿನವರು ಆ ಹುಡುಗಿ ಮ್ಯಾಲ ಒಂದು ಕಣ್ಣಿಡ್ರಿ." ಗೋಡೌನ್ ಅಣ್ಣನದು ತಂತಿ ಭಾಷೆ. "೧೨೧ರಿಂದ ೧೮೦. ಊಟ. ಊಟ. ಮತ್ತೆ ಊಟ. ಕೊನೆಯಲ್ಲಿ ಅಣ್ಣತಮ್ಮಂದಿರ ಜಗಳ." ಒಂದು ಸಲ ವೆಲ್ಡರ್ ಕೆಲಸದ ಜಾಗದಲ್ಲೇ ಬಿಡುವಿನಲ್ಲಿ ಓದಲು ಹೋಗಿ ಪಕ್ಕದವನ ಕಿಡಿ ಹಾರಿ ಪುಟ ಸುಟ್ಟಿತು. "ಪುಟ ೨೫೩ರಾಗ ತೂತು ಬಿದ್ದೈತಿ. ತಪ್ಪು ನಂದು. ತೂತಿನ್ಯಾಗ ಇದ್ದ ಪದ 'ಹಿಮ' ಇರಬೇಕು" ಎಂದು ಬರೆದು ಸಹಿ ಹಾಕಿದ್ದ. ಬೈಯಲೆಂದು ಬಾಯಿ ತೆರೆದವಳು ನಕ್ಕುಬಿಟ್ಟೆ.

ಹೀಗೆ ನಾವು ಸಾವಿರದ ನೂರು ಪುಟ ಮುಗಿಸಿದೆವು. ಪರೀಕ್ಷೆಗೆ ಇನ್ನೂ ಮೂರೂವರೆ ವಾರ ಬಾಕಿ! ರಿಜಿಸ್ಟರ್ ಓದಿಕೊಂಡರೆ ಇಡೀ ಕಾದಂಬರಿ ಅಂಗೈಯಲ್ಲಿದ್ದಂತೆ. ಯುದ್ಧ ಗೊತ್ತು, ಮೂರು ಮದುವೆ ಗೊತ್ತು, ಊರು ಸುಟ್ಟದ್ದು ಗೊತ್ತು. ಮೇಡಂ ಅವರನ್ನು ಟೀ ಅಂಗಡಿಗೇ ಕರೆಸಿ, "ಕೇಳಿ ಮೇಡಂ, ಏನ್ ಬೇಕಾದ್ರೂ ಕೇಳಿ" ಎಂದೆ. ನನ್ನ ಕೊಬ್ಬು ನೋಡಿ.

ಮೇಡಂ ಟೀ ಆರಿಸಿಕೊಳ್ಳುತ್ತ ಕೇಳಿದರು: "ಶತ್ರು ಸೈನ್ಯ ಬಂತು ಅಂತ ಎಲ್ಲರೂ ಊರು ಬಿಡ್ತಾರಲ್ಲ, ಆಗ ಆ ಜಮೀನುದಾರರ ಮನೆ ಮುದುಕಿ ಬೆಳ್ಳಿ ಸಾಮಾನೆಲ್ಲ ಬಿಟ್ಟು ಒಂದು ಹಳೇ ಟ್ರಂಕನ್ನ ಗಾಡಿಗೆ ಹಾಕಿಸ್ತಾಳೆ. ಯಾಕೆ?"

ಇದು ರಿಜಿಸ್ಟರಿನಲ್ಲಿತ್ತು. ಆ ಪುಟಗಳನ್ನು ಓದಿದ್ದ ವೆಲ್ಡರ್, "ಬೆಳ್ಳಿ ಬಿಟ್ಟು ಟ್ರಂಕು ಹೊತ್ತಾಳ. ಕಾರಣ ತಿಳೀವಲ್ದು" ಎಂದು ಬರೆದಿದ್ದ.

"ವಯಸ್ಸಾಗಿತ್ತಲ್ರಿ ಮೇಡಂ, ತಲಿ ಕೆಟ್ಟಿತ್ತು ಅನಸ್ತೈತ್ರಿ" ಎಂದ ವೆಲ್ಡರ್.

"ಅದ್ರೊಳ್ಗೆ ಒಡವೆ ಇದ್ದಿರ್ಬೇಕು. ಮುದುಕೀರು ಬೋ ಉಸಾರು" ಎಂದರು ಗೋಡೌನ್ ಅಣ್ಣ.

"ಲೋಭ" ಎಂದೆ ನಾನು. ಗೈಡಿನಲ್ಲಿ ಹಾಗಿತ್ತು.

ಮೇಡಂ ಮೂವರನ್ನೂ ನೋಡಿದರು. "ಕೋಟುಗಳನ್ನ ಬಿಸಿಲಿಗೆ ಹಾಕೋ ಅಧ್ಯಾಯ ಯಾರು ಓದಿದ್ರಿ?"

ವೆಲ್ಡರ್ ಅಣ್ಣನ ಮುಖ ನೋಡಿದ, ಅಣ್ಣ ನನ್ನ ಮುಖ ನೋಡಿದರು. ನನಗೆ ಮೈ ಉರಿದುಹೋಯಿತು. ಇವರಿಬ್ಬರಲ್ಲಿ ಯಾರೋ ಕಳ್ಳಾಟ ಆಡಿದ್ದಾರೆ ಎಂದೇ ಲೆಕ್ಕ. "ಯಾರ್ರೀ ಅದು, ಓದದೇ ಸಹಿ ಹಾಕಿರೋದು? ನಾನೊಬ್ಬಳೇ ಕಣ್ಣು ಕೆಂಪಗೆ ಮಾಡ್ಕೊಂಡು ಓದ್ಬೇಕಾ? ಈಗ್ಲೇ ತೋರಿಸ್ತೀನಿ ಇರಿ" ಎಂದು ಎಲ್ಲರೆದುರು ರೇಗಾಡುತ್ತ ರಿಜಿಸ್ಟರ್ ತೆಗೆದು ಹಾಳೆ ತಿರುವಿದೆ. ಸಿಕ್ಕಿತು. "೩೬೧ರಿಂದ ೪೨೦. ಹಳೆ ಕೋಟುಗಳನ್ನು ಒಣಹಾಕಿದರು. ನಾರ್ಮಲ್." ಕೆಳಗಿನ ಸಹಿ ನನ್ನದೇ.

ಗೋಡೌನ್ ಅಣ್ಣ ಬಗ್ಗಿ ನೋಡಿ, "ಯಾರ್ದಮ್ಮ ಸಹಿ? ನನ್ಗೆ ಕನ್ನಡಕ ಇಲ್ದೆ ಕಾಣಾಕಿಲ್ಲ" ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು. ವೆಲ್ಡರ್ ನಗು ತಡೆಯಲಾರದೆ ಟೀ ಲೋಟ ಹಿಡಿದು ಅತ್ತ ತಿರುಗಿ ನಿಂತ. ನಾನು ಪೆಚ್ಚಾಗಿ ಕೂತುಬಿಟ್ಟೆ.

ನಾನು ಓದದೆ ಬರೆದಿರಲಿಲ್ಲ. ಅಕ್ಷರ ಅಕ್ಷರವೂ ಓದಿದ್ದೆ. ಆದರೆ ಶಿಫ್ಟಿನ ರಿಜಿಸ್ಟರಿನಲ್ಲಿ ಬರೆಯುವುದು ಕೆಟ್ಟದ್ದನ್ನು, ಮುರಿದದ್ದನ್ನು, ನಿಂತದ್ದನ್ನು ಮಾತ್ರ. ಎಲ್ಲ ಸರಿಯಾಗಿ ಓಡುತ್ತಿದ್ದರೆ 'ನಾರ್ಮಲ್' ಎಂದು ಒಂದು ಪದ ಬರೆದು ಮನೆಗೆ ಹೋಗುವುದು ಹನ್ನೊಂದು ವರ್ಷದ ಅಭ್ಯಾಸ. ಕುದುರೆ ಬಿದ್ದರೆ ಬರೆಯುತ್ತೇವೆ. ಕೋಟು ಒಣಗಿದರೆ ಏನು ಬರೆಯುವುದು? ಕಣ್ಣು ಓದುತ್ತಿತ್ತು, ಕೈ ಆಗಲೇ ನಾರ್ಮಲ್ ಎಂದು ತೀರ್ಮಾನಿಸಿತ್ತು. ರಿಜಿಸ್ಟರಿನ ಉದ್ದಕ್ಕೂ ನೋಡಿದರೆ ಮೂವರದೂ ಅದೇ ಕಥೆ. ನಾರ್ಮಲ್, ನಾರ್ಮಲ್, ನಾರ್ಮಲ್. ಒಟ್ಟು ಸೇರಿಸಿದರೆ ಪುಸ್ತಕದ ಅರ್ಧದಷ್ಟು.

"ಈ ಕಾದಂಬರಿಕಾರನ ಎಲ್ಲಾ ಪುಸ್ತಕದಲ್ಲೂ ದೊಡ್ಡ ಘಟನೆಗೆ ಕಾರಣ ಇರೋದು ಇಂಥ ಕಡೇನೇ. ನಾನು ಮೂರು ತಿಂಗಳು ಪಾಠ ಮಾಡಿದ್ದು ಅದನ್ನೇ" ಎಂದರು ಮೇಡಂ, ಎದ್ದು ಹೋಗುವಾಗ. ಆ ಪಾಠಗಳಲ್ಲಿ ಅರ್ಧಕ್ಕೆ ನಾನು ತೂಕಡಿಸಿದ್ದೆ.

ತಲೆ ಕೆಟ್ಟು ಮನೆಗೆ ಬಂದೆ. ಮೊದಲನೇ ಶಿಫ್ಟಿನ ವಾರ, ಸಂಜೆ ನಾಲ್ಕರ ಹೊತ್ತು. ಬೋರ್ಡಿನ ಮೇಲೆ ಮಗಳ ಅಕ್ಷರ: "ಶಾಲೆ: ನಾರ್ಮಲ್. ಊಟ: ಆಯ್ತು." ಹಿಂದಿನ ದಿನದ್ದು. ನೀರು ಕುಡಿಯುತ್ತಿದ್ದವಳು ಲೋಟ ಹಿಡಿದು ಹಾಗೇ ನಿಂತೆ. ಯಾವತ್ತಿನಿಂದ ಇವಳು ಇದೊಂದೇ ಪದ ಬರೆಯುತ್ತಿದ್ದಾಳೆ?

ಶಾಲೆಯಿಂದ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. "ನಿನ್ನೆ ಶಾಲೇಲಿ ಏನಾಯ್ತು ಪುಟ್ಟಿ?"

"ನಾರ್ಮಲ್ ಅಂತ ಬರ್ದಿದ್ನಲ್ಲಮ್ಮ."

"ಅದು ಸರಿ ಕಣೆ. ನಾರ್ಮಲ್ ಅಂದ್ರೆ ಏನೇನು?"

ಅವಳು ಅನುಮಾನದಿಂದ ನೋಡಿದಳು. "ಯಾರಾದ್ರೂ ಕಂಪ್ಲೇಂಟ್ ಹೇಳಿದ್ರಾ?"

"ಇಲ್ಲ ಕಣೆ. ಸುಮ್ನೆ ಹೇಳು. ಬೆಳಗ್ಗೆಯಿಂದ ಹೇಳು."

ಹೇಳಿದಳು. ಪ್ರಾರ್ಥನೆ, ಗಣಿತ, ಯಾರೋ ಬೆಂಚಿನ ಮೇಲೆ ಇಂಕು ಚೆಲ್ಲಿದ್ದು. ಮಧ್ಯಾಹ್ನ ಕಾರಿಡಾರಿನ ಕೊನೆಯ ಕಿಟಕಿ ಹತ್ತಿರ ಕೂತು ಡಬ್ಬಿ ತಿಂದದ್ದು. ಅಲ್ಯಾಕೆ, ನಿನ್ನ ಬೆಂಚಿನ ಗೆಳತಿ ಎಲ್ಲಿ ಎಂದೆ. "ಅವಳ್ನ ಬೇರೆ ಸೆಕ್ಷನ್‌ಗೆ ಹಾಕಿ ಒಂದ್ ತಿಂಗಳಾಯ್ತಲ್ಲಮ್ಮ. ಈಗ ನಾನೊಬ್ಳೇ ತಿನ್ನೋದು. ಅದೇ ನಾರ್ಮಲ್" ಎಂದಳು, ಏನೂ ವಿಶೇಷವಿಲ್ಲದಂತೆ. ಒಂದು ತಿಂಗಳು ನನ್ನ ಮಗಳು ಒಬ್ಬಳೇ ಉಂಡಿದ್ದಾಳೆ, ನಾನು ದಿನಾ ಬೋರ್ಡು ಓದಿ ನೆಮ್ಮದಿಯಾಗಿ ಕೆಲಸಕ್ಕೆ ಹೋಗಿದ್ದೇನೆ. ಅವಳ ತಲೆಗೆ ಎಣ್ಣೆ ಹಚ್ಚುವ ನೆಪದಲ್ಲಿ ಹಿಂದೆ ಕೂತು ಕಣ್ಣು ಒರೆಸಿಕೊಂಡೆ.

ಮರುದಿನ ಟೀ ಅಂಗಡಿಯಲ್ಲಿ ಇಬ್ಬರನ್ನೂ ಸೇರಿಸಿ ಹೇಳಿದೆ. "ನಮ್ಮಲ್ಲಿ ಒಂದು ಶಾಫ್ಟು ಗಿರಾಕಿ ಹತ್ರ ಹೋಗಿ ಮುರಿದ್ರೆ ಏನ್ ಮಾಡ್ತೀವಿ ಗೊತ್ತಾ? ಕೆಂಪು ಚೀಟಿ ಮಾಲು ನೋಡಲ್ಲ, ಅದು ಕೆಟ್ಟಿದೆ ಅಂತ ಮೊದಲೇ ಗೊತ್ತು. ನಾವೇ ಪಾಸ್ ಮಾಡಿದ ಹಸಿರು ಚೀಟಿ ಮಾಲನ್ನ ವಾಪಸ್ ತರಿಸಿ ಒಂದೊಂದಾಗಿ ಮತ್ತೆ ಅಳೀತೀವಿ. ಯುದ್ಧ, ಮದುವೆ, ಬೆಂಕಿ ಎಲ್ಲಾ ಬಿಡಿ. ನಾರ್ಮಲ್ ಅಂತ ಬರೆದ ಪುಟ ಮಾತ್ರ ಮತ್ತೆ ಓದೋಣ. ಮೂರೂ ಜನ ಒಟ್ಟಿಗೆ, ಜೋರಾಗಿ. ರಿಜಿಸ್ಟರ್ ಇಲ್ಲ."

"ಅಷ್ಟು ಪುಟ ಮುಗೀತಾವೇನ್ರಿ ಅಕ್ಕಾರ? ಇರೂದು ಮೂರ ಐತವಾರ" ಎಂದ ವೆಲ್ಡರ್.

"ಮುಗೀದಿದ್ರೆ ಬಿಡು. ಸುಳ್ಳು ಸಹಿ ಹಾಕೋದಕ್ಕಿಂತ ಅರ್ಧ ಓದಿ ಫೇಲಾಗೋದು ಮೇಲು."

ಹೇಳಿದ್ದೇನೋ ಹೇಳಿದೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಜೂನ್‌ಗೆ ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದೆ.

ಭಾನುವಾರ ಲೋಡಿಂಗ್ ಇರುವುದಿಲ್ಲ. ಗೋಡೌನ್ ಅಣ್ಣ ಶಟರ್ ಅರ್ಧ ಎತ್ತಿ, ಟೈಲ್ಸ್ ಪೆಟ್ಟಿಗೆಗಳ ಮೇಲೆ ರಟ್ಟು ಹಾಸಿ ಕೂರಲು ಜಾಗ ಮಾಡಿದ್ದರು. ಮಗಳನ್ನೂ ಕರೆದುಕೊಂಡು ಹೋದೆ. ಓದುವುದು ವೆಲ್ಡರನ ಕೆಲಸವಾಯಿತು. ಊರಿನಲ್ಲಿ ಬಯಲಾಟದಲ್ಲಿ ಪಾತ್ರ ಹಾಕುತ್ತಿದ್ದವನು. ಶೀಟಿನ ಸೂರಿಗೆ ಬಡಿದು ಬರುವಂಥ ಗಂಟಲು. ಸದ್ದು ಕೇಳಿ ಅಲ್ಲೇ ಹಿಂದೆ ರೂಮಿನಲ್ಲಿದ್ದ ಲೋಡಿಂಗ್ ಕೆಲಸದವರು ಇಬ್ಬರು ಮೂವರು ಬಂದು, ಶಟರಿನ ಕೆಳಗೆ ಬಗ್ಗಿ ನೋಡಿ, ಆಮೇಲೆ ಒಳಗೇ ಬಂದು ಕೂತರು.

ಮೊದಲು ಓದಿದ್ದು ಕೋಟುಗಳ ಅಧ್ಯಾಯ. ಮುದುಕಿ ಟ್ರಂಕು ತೆಗೆಸಿ ಮನೆಮಂದಿಯ ಹಳೆಯ ಚಳಿಗಾಲದ ಕೋಟುಗಳನ್ನೆಲ್ಲ ಅಂಗಳದಲ್ಲಿ ಒಣಹಾಕಿಸುತ್ತಾಳೆ. ಕೆಲಸದ ಹುಡುಗಿ ಕೋಲಿನಿಂದ ಧೂಳು ಕೊಡವುತ್ತಾಳೆ. ಯಾವುದು ಯಾರದು, ಯಾವ ಗುಂಡಿ ಯಾವಾಗ ಬಿತ್ತು ಎಂದೆಲ್ಲ ಪುಟಗಟ್ಟಲೆ. ಕೊನೆಗೆ ಎಲ್ಲಕ್ಕಿಂತ ಚಿಕ್ಕ ಕೋಟು. ಅದರ ಜೇಬಿಗೆ ಮುದುಕಿ ಕೈ ಹಾಕುತ್ತಾಳೆ. ಅರ್ಧ ಕಚ್ಚಿದ ಒಂದು ಬಿಸ್ಕತ್ತು, ಕಲ್ಲಿನಂತಾಗಿರುತ್ತದೆ. ಅದನ್ನು ನೋಡಿ ಮತ್ತೆ ಜೇಬಿನಲ್ಲೇ ಇಟ್ಟು ಗುಂಡಿ ಹಾಕುತ್ತಾಳೆ. ಇದು ಒಣಗಿದೆ, ಒಳಗಿಡಿ ಎನ್ನುತ್ತಾಳೆ. ಅಷ್ಟೇ. ಅವಳ ಆ ಗಂಡುಮಗು ಯಾವಾಗ ಹೋಯಿತು, ಹೇಗೆ ಹೋಯಿತು ಎಂದು ಒಂದು ಮಾತೂ ಇಲ್ಲ.

ವೆಲ್ಡರ್ ಅಲ್ಲಿಗೆ ನಿಲ್ಲಿಸಿದ. ನನ್ನ ಮಗಳು ಮೆಲ್ಲಗೆ, "ಅದಕ್ಕೇನಾ ಅವಳು ಬೆಳ್ಳಿ ಬಿಟ್ಟಿದ್ದು?" ಎಂದಳು.

"ಹೂಂ ಮಗಾ" ಎಂದರು ಗೋಡೌನ್ ಅಣ್ಣ. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ಒಡವೆ ಅಂದ್ಬಿಟ್ನಲ್ಲಮ್ಮ ನಾನು" ಎಂದರು.

"ನಾ ತಲಿ ಕೆಟ್ಟೈತಿ ಅಂದೆ" ಎಂದ ವೆಲ್ಡರ್. "ನಮ್ಮವ್ವ ನಾ ಒಂದನೇತ್ತಿಗೆ ಒಯ್ದ ಪಾಟಿ ಇನ್ನೂ ಇಟ್ಕೊಂಡಾಳ್ರಿ. ನಾ ಜೀವಂತ ಅದೀನಿ, ಆದ್ರೂ ಇಟ್ಕೊಂಡಾಳ." ಪುಸ್ತಕ ಮುಚ್ಚಿ ಹೊರಗೆ ಹೋಗಿ ಊರಿಗೆ ಫೋನ್ ಮಾಡಿ ಬಂದ.

ಮೂರು ಭಾನುವಾರ ಹಾಗೇ ಕಳೆದೆವು. ನಗುವಿಗೂ ಕಡಿಮೆಯಿರಲಿಲ್ಲ. ಗೋಡೌನ್ ಅಣ್ಣ "ಊಟ. ಊಟ. ಮತ್ತೆ ಊಟ" ಎಂದು ಬರೆದಿದ್ದ ಪುಟಗಳಲ್ಲಿ, ಗಂಡ ಹೆಂಡತಿ ಒಂದೇ ಮೇಜಿನಲ್ಲಿ ಕೂತು ಉಪ್ಪಿನ ಡಬ್ಬಿ ದಾಟಿಸುವುದಕ್ಕೂ ಮೂರನೆಯವರನ್ನು ಕರೆಯುತ್ತಾರೆ. ಲೋಡಿಂಗ್‌ನವನೊಬ್ಬ, "ಇವ್ರ ಮನೀದು ಮುಗೀತು ಬಿಡ್ರಿ" ಎಂದ. ಮುನ್ನೂರು ಪುಟ ಆದಮೇಲೆ ಬರುವ ವಿಚ್ಛೇದನವನ್ನು ಅವನು ಉಪ್ಪಿನಲ್ಲೇ ಕಂಡುಬಿಟ್ಟಿದ್ದ. ಅವನನ್ನೇ ಪರೀಕ್ಷೆಗೆ ಕಳಿಸೋಣ ಎಂದು ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕಡೆಯ ಭಾನುವಾರ ಸಂಜೆ ಇನ್ನೂ ಅರವತ್ತು ಪುಟ ಉಳಿದೇ ಉಳಿದವು. ಓದಿಲ್ಲ ಎಂದು ಒಪ್ಪಿಕೊಂಡೆವು.

ಪರೀಕ್ಷೆಯ ದಿನ ಒಳಗೆ ಹೋದರೆ ಅದೇ ಪರೀಕ್ಷಕರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ಕೈಕಾಲು ತಣ್ಣಗಾದರೂ ಬಾಯಿ ಸುಮ್ಮನಿರಬೇಕಲ್ಲ. "ಸಾರ್, ಪುಸ್ತಕದ ದಪ್ಪ ತೋರಿಸ್ಲಾ?" ಎಂದುಬಿಟ್ಟೆ. ಅವರು ಒಂದು ಕ್ಷಣ ನೋಡಿ, "ಓಹೋ, ನೀನಾ!" ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು.

"ಈ ಕಾದಂಬರೀಲಿ ಎಲ್ಲಕ್ಕಿಂತ ಮುಖ್ಯವಾದ ಘಟನೆ ಯಾವುದಮ್ಮ?"

"ಕೋಟು ಒಣಹಾಕಿದ್ದು ಸಾರ್."

"ಅಲ್ಲಿ ಏನು ನಡೆಯುತ್ತೆ?"

"ಏನೂ ನಡೆಯಲ್ಲ ಸಾರ್. ಅದಕ್ಕೇ ನಾನೂ ನಾರ್ಮಲ್ ಅಂತ ಬರ್ದು ಸಹಿ ಹಾಕ್ಬಿಟ್ಟಿದ್ದೆ."

ಎಲ್ಲಿ ಸಹಿ ಹಾಕಿದ್ದೆ ಎಂದು ಕೇಳಿದರು. ಬ್ಯಾಗಿನಿಂದ ರಿಜಿಸ್ಟರ್ ತೆಗೆದು ಮುಂದಿಟ್ಟೆ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ಅರವತ್ತು ಪುಟ ಓದಿಲ್ಲ ಎಂಬುದನ್ನೂ ಹೇಳಿದೆ. ಅವರು ಹಾಳೆ ತಿರುವುತ್ತ ಹೋದರು. ಪುಟ ೨೫೩ರ ತೂತಿನ ಹತ್ತಿರ ಅವರ ಮೀಸೆ ಅಲುಗಿತು. ಕೊನೆಗೆ ಒಂದು ಕಡೆ ಬೆರಳಿಟ್ಟರು. ಅದು ಗೋಡೌನ್ ಅಣ್ಣನ ಬರಹ: "ಗಾಡಿಯಲ್ಲಿ ಹೋದರು. ಮುದುಕಿ ಕೆಲಸದ ಹುಡುಗಿಗೆ ಏನೇನೋ ಹೇಳಿದಳು. ನಾರ್ಮಲ್."

"ಅಷ್ಟು ಕಷ್ಟಪಟ್ಟು ತಂದ ಟ್ರಂಕು ಕೊನೆಗೆ ನದಿ ದಾಟುವಾಗ ಮುಳುಗಿಹೋಗುತ್ತೆ. ಮುದುಕಿ ಒಂದು ಹನಿ ಕಣ್ಣೀರು ಹಾಕಲ್ಲ. ಯಾಕೆ?" ಎಂದರು.

ಗಾಡಿಯ ಪುಟಗಳನ್ನು ಗೋಡೌನಿನಲ್ಲಿ ಓದಿದ್ದೆವು, ಆದರೆ ಇದನ್ನು ಮೇಡಂ ಕೇಳಿರಲಿಲ್ಲ, ನಾವೂ ಮಾತಾಡಿಕೊಂಡಿರಲಿಲ್ಲ. ಕಣ್ಣ ಮುಂದೆ ಬಂದದ್ದು ಪುಸ್ತಕವಲ್ಲ, ಪಕ್ಕದಲ್ಲಿ ಕೂತು ಪ್ರಾರ್ಥನೆಯಿಂದ ಶುರುಮಾಡಿ ಹೇಳುತ್ತಿದ್ದ ನನ್ನ ಮಗಳು.

"ದಾರಿಯುದ್ದಕ್ಕೂ ಆ ಹುಡುಗಿಗೆ ಮಗನ ವಿಷ್ಯನೇ ಹೇಳ್ಕೊಂಡ್ ಬಂದಿದ್ಲಲ್ಲ ಸಾರ್" ಎಂದೆ. "ಅಲ್ಲೀವರೆಗೂ ಯಾರೂ ಕೇಳಿರ್ಲಿಲ್ಲ, ಅದಕ್ಕೆ ಟ್ರಂಕಲ್ಲಿಟ್ಟಿದ್ಲು. ಈ ಹುಡುಗಿ ಕೂತು ಕೇಳಿದ್ಲು. ಹೇಳಿ ಮುಗಿಸಿದ್ಮೇಲೆ ಟ್ರಂಕು ಬರೀ ಟ್ರಂಕು ಸಾರ್."

ಪರೀಕ್ಷಕರು ರಿಜಿಸ್ಟರ್ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ ಕೊಟ್ಟರು. "ಆ ಅರವತ್ತು ಪುಟಾನೂ ಓದಮ್ಮ" ಎಂದರು. "ಪರೀಕ್ಷೆಗಲ್ಲ."

ಮೂವರೂ ಪಾಸಾದೆವು. ಫಲಿತಾಂಶದ ದಿನ ಗೋಡೌನ್ ಅಣ್ಣ ಟೀ ಅಂಗಡಿಯಲ್ಲಿದ್ದವರಿಗೆಲ್ಲ ವಡೆ ಕೊಡಿಸಿದರು. ಪುಸ್ತಕವನ್ನು ಎಣ್ಣೆ ಕಾಗದದ ಸಮೇತ ಗ್ರಂಥಾಲಯಕ್ಕೆ ಒಪ್ಪಿಸಿದೆವು. ತೂತಿನ ಪಕ್ಕ ವೆಲ್ಡರ್ ಪೆನ್ಸಿಲ್ಲಿನಲ್ಲಿ 'ಹಿಮ' ಎಂದು ಬರೆದಿದ್ದ.

ಜೂನ್‌ನಲ್ಲಿ ತರಬೇತಿ ವಿಭಾಗದ ಕೆಲಸ ಸಿಕ್ಕಿತು. ಮೊದಲ ದಿನ ಮನೆಗೆ ಬಂದಾಗ ಗಂಟೆ ಆರೂ ಆಗಿರಲಿಲ್ಲ, ಹೊರಗೆ ಇನ್ನೂ ಬಿಸಿಲು. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಬೋರ್ಡಿನ ಮೇಲೆ ಬರೆದಿತ್ತು: "ಶಾಲೆ: ನಾರ್ಮಲ್ ಅಲ್ಲ. ಬಂದು ಹೇಳ್ತೀನಿ. ಎಲ್ಲೂ ಹೋಗ್ಬೇಡ."

ನಾನೆಲ್ಲಿ ಹೋಗಲಿ? ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತ ಬಾಗಿಲ ಕಡೆಯೇ ಕಿವಿ ಇಟ್ಟುಕೊಂಡಿದ್ದೆ. ಅರ್ಧ ಗಂಟೆಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಬ್ಯಾಗು ಇಳಿಸುವ ಮೊದಲೇ ಒಳಗೆ ಓಡಿಬಂದಳು. "ಅಮ್ಮ, ಇವತ್ತು ಕಿಟಕಿ ಹತ್ರ ಇನ್ನೊಬ್ಳು ಬಂದು ಕೂತ್ಲು! ಹೊಸಬ್ಳು. ತುಂಬಾ ಇದೆ ಹೇಳೋಕೆ."

"ಎಷ್ಟು ದಪ್ಪ ಇದೆ, ಕೈಯಲ್ಲಿ ತೋರಿಸು" ಎಂದೆ.

ಅವಳು ಎರಡೂ ತೋಳನ್ನು ಗೋಡೆಯಿಂದ ಗೋಡೆಗೆ ಚಾಚಿದಳು. ನಾನು ಒಲೆ ಆರಿಸಿ ಕೂತೆ.